ಇನ್ಮುಂದೆ ಈ ವಿಷಯ ಮಾತಾಡೋದೇ ಬೇಡ

ಸಿನಿಮಾ ಮುಗಿದ ತಕ್ಷಣ ಮೊಬೈಲ್ ತೆಗೆದು 'ಎಂಡಿಂಗ್ ಎಕ್ಸ್‌ಪ್ಲೇನ್ಡ್' ಅಂತ ಹುಡುಕೋ ಅಭ್ಯಾಸ ನಿಮಗೂ ಇದೆಯಾ? ನನಗಂತೂ ಇದೆ. ಕೋಡ್ ಬರೆದು ಬರೆದು ಬಂದ ಚಾಳಿ ಇರಬಹುದು. ಎಲ್ಲದಕ್ಕೂ ಒಂದು ಔಟ್‌ಪುಟ್ ಬೇಕು, 'ಹಾಗೂ ಇರಬಹುದು, ಹೀಗೂ ಇರಬಹುದು' ಅಂದ್ರೆ ತಲೆ ಕೆರೆಯುತ್ತೆ. ಕನಸೋ ನಿಜವೋ, ಸತ್ತನೋ ಬದುಕಿದನೋ ಅನ್ನೋ ಥರದ ಎಂಡಿಂಗ್‌ಗಳಿಗೆ ಹತ್ತು ನಿಮಿಷದ ವಿಡಿಯೋ ನೋಡಿದ್ರೆ ಸಮಾಧಾನ ಆಗಿಬಿಡುತ್ತೆ.

ಆದ್ರೆ ಕೆಲವು ಸಿನಿಮಾಗಳಲ್ಲಿ ಏನಾಯ್ತು ಅನ್ನೋದು ಪೂರ್ತಿ ಸ್ಪಷ್ಟವಾಗಿರುತ್ತೆ. ಒಂದೇ ಒಂದು ಗುಟ್ಟೂ ಉಳಿದಿರಲ್ಲ. ಆದರೂ ಕೊನೆಯ ದೃಶ್ಯ ಏನು ಹೇಳ್ತು ಅಂತ ಗೊತ್ತಾಗಲ್ಲ. ಈ ವಾರ ಅಂಥದ್ದೊಂದು ಸಿನಿಮಾ ಬಗ್ಗೆ ಬರೀತಿದ್ದೀನಿ. ರೊಮೇನಿಯಾದ '4 ಮಂಥ್ಸ್, 3 ವೀಕ್ಸ್ ಅಂಡ್ 2 ಡೇಸ್'. ನಿರ್ದೇಶಕ ಕ್ರಿಸ್ಟಿಯನ್ ಮುಂಜಿಯು. 2007ರಲ್ಲಿ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ 'ಪಾಮ್ ಡಿ'ಓರ್' ಗೆದ್ದ ಚಿತ್ರ, ಆ ಪ್ರಶಸ್ತಿ ರೊಮೇನಿಯಾದ ಪೂರ್ಣಪ್ರಮಾಣದ ಸಿನಿಮಾ ಒಂದಕ್ಕೆ ಸಿಕ್ಕಿದ್ದು ಅದೇ ಮೊದಲು.

ಮೊದಲೇ ಹೇಳ್ತೀನಿ, ಈ ಅಂಕಣ ಪೂರ್ತಿ ಸ್ಪಾಯ್ಲರ್. ನೋಡಬೇಕು ಅಂತಿರೋರು ಇಲ್ಲಿಗೇ ನಿಲ್ಲಿಸಿ, ನೋಡಿ ಬನ್ನಿ. ಇನ್ನೊಂದು ಮಾತು: ನೋಡೋಕೆ ಸುಲಭದ ಸಿನಿಮಾ ಅಲ್ಲ. ಊಟ ಮಾಡ್ತಾ ನೋಡೋದಂತೂ ಬೇಡವೇ ಬೇಡ.

ಒಂದು ದಿನದ ಕಥೆ

ವರ್ಷ 1987. ರೊಮೇನಿಯಾದಲ್ಲಿ ಚೌಷೆಸ್ಕು ಆಳ್ವಿಕೆಯ ಕೊನೆಗಾಲ. ಒಟಿಲಿಯಾ ಮತ್ತು ಗಬಿತ್ಸಾ ಕಾಲೇಜು ಹುಡುಗೀರು, ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ಸ್. ಗಬಿತ್ಸಾ ಬಸುರಿ. ಮಗು ಬೇಡ. ಆದ್ರೆ ಆ ದೇಶದಲ್ಲಿ ಗರ್ಭಪಾತ ಅಪರಾಧ, ಸಿಕ್ಕಿಬಿದ್ದರೆ ಜೈಲು. ಹಾಗಾಗಿ ಬೇಬೆ ಅನ್ನೋ ಒಬ್ಬನನ್ನ ಕದ್ದುಮುಚ್ಚಿ ಗೊತ್ತು ಮಾಡಿದ್ದಾರೆ. ಹೋಟೆಲಿನಲ್ಲಿ ರೂಮ್ ಹಿಡಿದು ಕೆಲಸ ಮುಗಿಸಬೇಕು.

ಸಿನಿಮಾ ಪೂರ್ತಿ ಓಡಾಡೋದು ಒಟಿಲಿಯಾ. ಬುಕ್ ಆಗಿದೆ ಅಂದುಕೊಂಡಿದ್ದ ಹೋಟೆಲಲ್ಲಿ ಬುಕಿಂಗೇ ಇರಲ್ಲ, ಇನ್ನೊಂದು ಹುಡುಕಬೇಕು. ದುಡ್ಡು ಹೊಂದಿಸಬೇಕು. ಬೇಬೆಯನ್ನ ಗಬಿತ್ಸಾನೇ ಬಂದು ಭೇಟಿ ಆಗ್ತಾಳೆ ಅಂತ ಮಾತಾಗಿರುತ್ತೆ, ಹೋಗೋದು ಇವಳು. ತರಬೇಕಾಗಿದ್ದ ಪ್ಲಾಸ್ಟಿಕ್ ಹಾಳೆಯನ್ನೂ ಗಬಿತ್ಸಾ ಮರೆತು ಬಂದಿರ್ತಾಳೆ. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ತಿಂಗಳು ಅನ್ನೋದನ್ನೇ ಸರಿಯಾಗಿ ಹೇಳಿರಲ್ಲ. ಅವಳ ಬಾಯಲ್ಲಿ ಲೆಕ್ಕ ಬದಲಾಗ್ತಾನೇ ಹೋಗುತ್ತೆ. ಇದು ಗೊತ್ತಾದಾಗ ಬೇಬೆ ತನ್ನ ನಿಜವಾದ ಬೆಲೆ ಹೇಳ್ತಾನೆ. ಅವನಿಗೆ ದುಡ್ಡಷ್ಟೇ ಸಾಲದು, ಇಬ್ಬರೂ ಹುಡುಗೀರು ಬೇಕು. ಬೇರೆ ದಾರಿ ಇಲ್ಲದೆ ಮೊದಲು ಒಪ್ಪಿಕೊಳ್ಳೋದು ಒಟಿಲಿಯಾ. ಸ್ನೇಹಿತೆಯ ಸಮಸ್ಯೆಗೆ ತನ್ನ ದೇಹ ಕೊಟ್ಟು ದಂಡ ಕಟ್ಟೋಳು ಅವಳು.

ಅದಾದ ಮೇಲೆ ಅದೇ ಸಂಜೆ ಅವಳು ಬಾಯ್‌ಫ್ರೆಂಡ್ ಆದಿಯ ಮನೆಗೆ ಹೋಗಬೇಕು, ಅವನ ಅಮ್ಮನ ಹುಟ್ಟುಹಬ್ಬ. ಅಲ್ಲಿ ಊಟದ ಮೇಜಿನ ಸೀನ್ ಒಂದಿದೆ. ಕ್ಯಾಮೆರಾ ಅಲ್ಲಾಡಲ್ಲ, ಕಟ್ ಇಲ್ಲ. ಸುತ್ತ ಕೂತ ದೊಡ್ಡೋರು ಅಡುಗೆ, ಸಂಬಳ, 'ಈಗಿನ ಕಾಲದ ಹುಡುಗ್ರು' ಅಂತ ನಿಮಿಷಗಟ್ಟಲೆ ಹರಟುತ್ತಾರೆ. ಮಧ್ಯದಲ್ಲಿ ಒಟಿಲಿಯಾ ಸುಮ್ಮನೆ ಕೂತಿರ್ತಾಳೆ. ನಮ್ಮ ಮನೆಗಳ ಫಂಕ್ಷನ್ನಲ್ಲಿ ಇಂಥ ಮೇಜಿನ ಮುಂದೆ ಕೂತಿರೋ ಯಾರಿಗಾದ್ರೂ ಆ ಮುಖ ಅರ್ಥ ಆಗುತ್ತೆ. ಅನಮರಿಯಾ ಮರಿಂಕಾ ಅನ್ನೋ ನಟಿ ಆ ಸೀನಲ್ಲಿ ಹೆಚ್ಚುಕಡಿಮೆ ಏನೂ ಮಾಡಲ್ಲ, ಅಷ್ಟರಲ್ಲೇ ಎಲ್ಲ ಗೊತ್ತಾಗಿಬಿಡುತ್ತೆ.

ವಾಪಸ್ ಬಂದಾಗ ಕೆಲಸ ಆಗಿರುತ್ತೆ. ಭ್ರೂಣ ಬಾತ್‌ರೂಮಿನಲ್ಲಿ. ದಯವಿಟ್ಟು ಎಲ್ಲಾದ್ರೂ ಹೂಳು ಅಂತಾಳೆ ಗಬಿತ್ಸಾ. ಬೇಬೆ ಹೇಳಿಹೋಗಿದ್ದು ಬೇರೆ: ಹೂತರೆ ನಾಯಿಗಳು ಕೆದಕುತ್ತವೆ, ಎತ್ತರದ ಬಿಲ್ಡಿಂಗ್ ಹುಡುಕಿ ಕಸದ ಕೊಳವೆಗೆ ಹಾಕಿ. ಒಟಿಲಿಯಾ ಕತ್ತಲಲ್ಲಿ, ಬ್ಯಾಗ್ ಹಿಡಿದು, ಹಿಂದೆ ಯಾರೋ ಬರ್ತಿದ್ದಾರೆ ಅನ್ನೋ ಭಯದಲ್ಲಿ ಊರೆಲ್ಲ ನಡೆದು ಕೊನೆಗೆ ಹಾಗೇ ಮಾಡ್ತಾಳೆ.

ಆ ಕೊನೆಯ ಮೇಜು

ಈಗ ಎಂಡಿಂಗ್. ಹೋಟೆಲಿಗೆ ಬಂದರೆ ರೂಮಲ್ಲಿ ಗಬಿತ್ಸಾ ಇಲ್ಲ. ಕೆಳಗೆ ರೆಸ್ಟೋರೆಂಟಲ್ಲಿ ಕೂತಿದ್ದಾಳೆ, ಹಸಿವಾಗಿತ್ತಂತೆ. ಪಕ್ಕದ ಹಾಲ್‌ನಲ್ಲಿ ಯಾರದೋ ಮದುವೆ ಪಾರ್ಟಿ. ವೇಟರ್ ಅದೇ ಮದುವೆ ಊಟದ ತಟ್ಟೆ ತಂದಿಡ್ತಾನೆ. ತಟ್ಟೆ ತುಂಬ ಮಾಂಸ: ಲಿವರ್, ಮಿದುಳು, ಹೀಗೆ. ಇಬ್ಬರೂ ಅದನ್ನ ನೋಡ್ತಾರೆ. ಹೂತೆಯಾ ಅಂತ ಕೇಳ್ತಾಳೆ ಗಬಿತ್ಸಾ. ಒಟಿಲಿಯಾ ಉತ್ತರ ಕೊಡಲ್ಲ. ಇನ್ನು ಮುಂದೆ ಈ ವಿಷಯ ಯಾವತ್ತೂ ಮಾತಾಡೋದೇ ಬೇಡ ಅನ್ನೋ ಅರ್ಥದ ಒಂದು ಮಾತು ಹೇಳ್ತಾಳೆ, ಅಷ್ಟೇ.

ಆಮೇಲೆ ಮೌನ. ಹೊರಗಡೆಯಿಂದ, ಗಾಜಿನ ಮೂಲಕ ನಾವು ಅವರನ್ನ ನೋಡ್ತಿರ್ತೀವಿ. ಗಾಡಿಗಳ ಬೆಳಕು ಗಾಜಿನ ಮೇಲೆ ಹಾದುಹೋಗುತ್ತೆ. ಒಟಿಲಿಯಾ ತಲೆ ತಿರುಗಿಸಿ ನಮ್ಮ ಕಡೆ ನೋಡ್ತಾಳೆ. ಪರದೆ ಕಪ್ಪಾಗುತ್ತೆ.

ಇಷ್ಟೇ. ನಾನು, ನನ್ನ ಇಬ್ಬರು ಕಲೀಗ್ಸ್ ಬೇರೆ ಬೇರೆ ದಿನ ಇದನ್ನ ನೋಡಿ ಒಂದು ಮಧ್ಯಾಹ್ನ ಕ್ಯಾಂಟೀನಲ್ಲಿ ಚರ್ಚೆಗೆ ಕೂತ್ವಿ. ಮೂರು ಜನಕ್ಕೆ ನಾಲ್ಕು ಅರ್ಥ ಬಂತು. ಒಂದೊಂದಾಗಿ ನೋಡೋಣ.

ಅರ್ಥ ಒಂದು: ಸ್ನೇಹ ಅಲ್ಲಿಗೆ ಮುಗೀತು

ಒಬ್ಬ ಕಲೀಗ್ ಹೇಳಿದ್ದು ಇದು. ಗಬಿತ್ಸಾ ದಿನವಿಡೀ ಸುಳ್ಳು ಹೇಳಿದ್ದಾಳೆ, ಎಲ್ಲ ಕೆಲಸ ಒಟಿಲಿಯಾ ಮೇಲೆ ಹಾಕಿದ್ದಾಳೆ. ಒಟಿಲಿಯಾ ಇಡೀ ಊರು ಸುತ್ತಿ ಬಂದರೆ ಇವಳು ಊಟಕ್ಕೆ ಆರ್ಡರ್ ಮಾಡಿ ಕೂತಿದ್ದಾಳೆ. ಒಂದು ಥ್ಯಾಂಕ್ಸ್ ಕೂಡ ಇಲ್ಲ. 'ಮಾತಾಡೋದು ಬೇಡ' ಅಂದ್ರೆ 'ನಿನ್ನ ಜೊತೆ ಮಾತೇ ಬೇಡ' ಅಂತ.

ನನಗೆ ಇದು ಪೂರ್ತಿ ಒಪ್ಪಿಗೆ ಆಗ್ಲಿಲ್ಲ. ಗಬಿತ್ಸಾ ಮೇಲೆ ಸಿಟ್ಟು ಬರೋದು ಸಹಜ. ಆದ್ರೆ ಅವಳು ಹೇಳೋ ಒಂದೊಂದು ಸುಳ್ಳನ್ನೂ ನೋಡಿ. ತಿಂಗಳ ಲೆಕ್ಕ ಕಮ್ಮಿ ಹೇಳಿದ್ದು, ಭೇಟಿಗೆ ತಾನು ಹೋಗದೆ ಇದ್ದಿದ್ದು, ಎಲ್ಲವೂ ಹೆದರಿದ ಮನುಷ್ಯ ಹೇಳೋ ಸುಳ್ಳುಗಳೇ. ನಿಜ ಹೇಳಿದ್ರೆ ಬೇಬೆ ಬರ್ತಾನೇ ಇರ್ಲಿಲ್ಲವೇನೋ ಅನ್ನೋ ಭಯ. ಮತ್ತೆ ಹಸಿವು. ಅಷ್ಟು ರಕ್ತ ಹೋದ ದೇಹಕ್ಕೆ ಹಸಿವಾಗೋದು ತಪ್ಪಾ? ಅವಳು ಬದುಕಿದ್ದಾಳೆ ಅನ್ನೋದಕ್ಕೆ ಅದೊಂದೇ ಗುರುತು.

ಅರ್ಥ ಎರಡು: ಭಯ

ಇನ್ನೊಬ್ಬಳು ಕಲೀಗ್ ಹೇಳಿದ್ದು ಇದು, ಮತ್ತು ಇದಕ್ಕೆ ಇತಿಹಾಸದ ಸಾಕ್ಷಿ ಇದೆ. 1966ರಲ್ಲಿ ಚೌಷೆಸ್ಕು ಸರ್ಕಾರ 770ನೇ ಸಂಖ್ಯೆಯ ಆದೇಶ ಹೊರಡಿಸಿತು. ದೇಶದ ಜನಸಂಖ್ಯೆ ಹೆಚ್ಚಬೇಕು ಅಂತ, ಕೆಲವೇ ವಿನಾಯಿತಿ ಬಿಟ್ಟು ಗರ್ಭಪಾತ ನಿಷೇಧ. ಗರ್ಭನಿರೋಧಕಗಳೂ ಅಂಗಡಿಯಲ್ಲಿ ಸಿಗ್ತಿರಲಿಲ್ಲ. ಮಕ್ಕಳಿಲ್ಲದವರಿಗೆ ತೆರಿಗೆ ಹಾಕಿದ್ರು. 80ರ ದಶಕದಲ್ಲಂತೂ ಕಾರ್ಖಾನೆಗಳಲ್ಲಿ ಕೆಲಸ ಮಾಡೋ ಹೆಂಗಸರಿಗೆ ಬಸುರಿಯೋ ಅಲ್ಲವೋ ಅಂತ ತಪಾಸಣೆ ಮಾಡಿಸ್ತಿದ್ದರು. 1967ರಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟಾಯ್ತು. ಕೆಲವೇ ವರ್ಷದಲ್ಲಿ ಆ ಸಂಖ್ಯೆ ಮತ್ತೆ ಇಳಿಯಿತು, ಯಾಕಂದ್ರೆ ಹೆಂಗಸರು ಕದ್ದುಮುಚ್ಚಿ ದಾರಿ ಹುಡುಕಿಕೊಂಡರು. ಆ 23 ವರ್ಷದಲ್ಲಿ ಹೀಗೆ ಕದ್ದು ಮಾಡಿಸಿಕೊಂಡು ಸತ್ತ ಹೆಂಗಸರು ಸುಮಾರು 10 ಸಾವಿರ ಅನ್ನೋದು ಸಾಮಾನ್ಯವಾಗಿ ಕೊಡೋ ಅಂದಾಜು. 1989ರ ಡಿಸೆಂಬರಿನಲ್ಲಿ ಚೌಷೆಸ್ಕು ಬಿದ್ದ ಮೇಲೆ ಹೊಸ ಸರ್ಕಾರ ಮೊದಲು ರದ್ದು ಮಾಡಿದ ಕಾನೂನುಗಳಲ್ಲಿ ಇದೂ ಒಂದು.

ಮುಂಜಿಯು ಹುಟ್ಟಿದ್ದು 1968ರಲ್ಲಿ. ಅಂದ್ರೆ ಆ ಆದೇಶದ ನಂತರ ಹುಟ್ಟಿದ ತಲೆಮಾರಿನವರು. ರೊಮೇನಿಯಾದಲ್ಲಿ ಆ ತಲೆಮಾರಿಗೆ 'ಆದೇಶದ ಮಕ್ಕಳು' ಅನ್ನೋ ಅರ್ಥದ ಹೆಸರೇ ಇದೆ.

ಆದ್ರೆ ತಮಾಷೆ ನೋಡಿ, ಸಿನಿಮಾದಲ್ಲಿ ಇದ್ಯಾವುದನ್ನೂ ಯಾರೂ ವಿವರಿಸಲ್ಲ. ಭಾಷಣ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಕಾನೂನು ಕಾಣೋದು ರಿಸೆಪ್ಷನ್‌ನಲ್ಲಿ ಕೇಳೋ ಐಡಿ ಕಾರ್ಡಿನಲ್ಲಿ, ಕಾರಿಡಾರಿನ ಹೆಜ್ಜೆ ಸಪ್ಪಳದಲ್ಲಿ. ಹಾಗಾಗಿ 'ಮಾತಾಡೋದು ಬೇಡ' ಅನ್ನೋದು ಮೊದಲಿಗೆ ಬರೀ ಸುರಕ್ಷತೆಯ ಮಾತು. ಪಕ್ಕದ ಟೇಬಲಿನವರು ಯಾರೋ ಗೊತ್ತಿಲ್ಲ. ಬಾಯಿ ಬಿಟ್ರೆ ಜೈಲು. ಇಡೀ ದೇಶ ಇದೇ ಥರ ಬಾಯಿ ಮುಚ್ಚಿಕೊಂಡು ಬದುಕಿದ್ದಕ್ಕೇ ಆ ಕಾನೂನು ಅಷ್ಟು ವರ್ಷ ನಿಂತಿದ್ದು.

ಅರ್ಥ ಮೂರು: ಒಟಿಲಿಯಾಳದ್ದೇ ಇನ್ನೊಂದು ಲೆಕ್ಕ

ಇದನ್ನ ಎರಡನೇ ಸಲ ನೋಡಿದಾಗ ಗಮನಿಸಿದೆ. ಆದಿ ಮನೆಯಲ್ಲಿ ಒಟಿಲಿಯಾ ಅವನನ್ನ ಕೇಳ್ತಾಳೆ: ನಾನೇ ಬಸುರಿ ಆದ್ರೆ ಏನು ಮಾಡ್ತೀಯ? ಅವನು ಮದುವೆ ಆಗ್ತೀನಿ ಅನ್ನೋ ಥರ ಏನೋ ಹೇಳ್ತಾನೆ. ಅವನ ಮುಖದಲ್ಲಿ ಉತ್ತರಕ್ಕಿಂತ ಹೆಚ್ಚಾಗಿ ಈ ಪ್ರಶ್ನೆ ಈಗ ಯಾಕೆ ಅನ್ನೋ ಕಿರಿಕಿರಿ ಕಾಣುತ್ತೆ. ಅದೇ ಮಧ್ಯಾಹ್ನ ಬೇಬೆ ಜೊತೆ ಆಗಿದ್ದೂ ಇದೆ. ಹಾಗಿದ್ರೆ ಕೊನೆಯ ನೋಟದಲ್ಲಿ ಅವಳು ತನ್ನ ಬಗ್ಗೆ ಯೋಚಿಸ್ತಿದ್ದಾಳಾ? ನಾಳೆ ತನಗೇ ಹೀಗಾದ್ರೆ ತನ್ನ ಜೊತೆ ಯಾರು ಬರ್ತಾರೆ ಅಂತ?

ಇದಕ್ಕೆ ಸಿನಿಮಾ ಉತ್ತರ ಕೊಡಲ್ಲ. ಆದ್ರೆ ಇಂಥ ಬಿಟ್ಟ ಎಳೆಗಳು ಇಲ್ಲಿ ಬೇರೆಯೂ ಇವೆ. ಬೇಬೆಯ ಬ್ಯಾಗಿಂದ ಒಟಿಲಿಯಾ ಒಂದು ಚಾಕು ಎತ್ತಿಟ್ಟುಕೊಳ್ತಾಳೆ. ನಮ್ಮ ಸಿನಿಮಾ ಆಗಿದ್ರೆ ಕ್ಲೈಮ್ಯಾಕ್ಸಲ್ಲಿ ಆ ಚಾಕು ಹೊರಗೆ ಬರಲೇಬೇಕಿತ್ತು. ಇಲ್ಲಿ ಬರಲ್ಲ. ಬೇಬೆಗೆ ಶಿಕ್ಷೆ ಆಗಲ್ಲ, ಪೊಲೀಸ್ ಬರಲ್ಲ, ಯಾರೂ ಸಾಯಲ್ಲ. ನಿಜಜೀವನದಲ್ಲಿ ಇಂಥ ಭಯಾನಕ ದಿನಗಳು ಮುಗಿಯೋದು ಹಾಗೇ ಅಲ್ವಾ? ರಾತ್ರಿ ಊಟದ ಟೇಬಲ್ಲಿನ ಮುಂದೆ, ಏನೂ ಇತ್ಯರ್ಥ ಆಗದೆ.

ಅರ್ಥ ನಾಲ್ಕು: ಹೊರೆ

ಇದು ನನ್ನದು. ಗಬಿತ್ಸಾ ಕೇಳಿದ್ದು 'ಹೂತೆಯಾ' ಅಂತ. ಅವಳಿಗೆ ಬೇಕಿದ್ದ ಉತ್ತರ 'ಹೂಂ'. ಒಟಿಲಿಯಾ ಸುಳ್ಳು ಹೇಳಬಹುದಿತ್ತು, ಒಂದೇ ಶಬ್ದದಲ್ಲಿ ಮುಗೀತಿತ್ತು. ದಿನವಿಡೀ ಸುಳ್ಳು ಕೇಳಿ ಸಾಕಾಗಿದ್ದ ಅವಳಿಗೆ ಇನ್ನೊಂದು ಸುಳ್ಳು ಬೇಡವಾಗಿತ್ತೇನೋ. ನಿಜ ಹೇಳಿದ್ರೆ ಗಬಿತ್ಸಾ ಆ ಕಸದ ಕೊಳವೆಯನ್ನ ಬದುಕಿಡೀ ಹೊತ್ತುಕೊಂಡು ಇರಬೇಕು. ಹಾಗಾಗಿ ಮಾತೇ ಬೇಡ. ಗಬಿತ್ಸಾ ಮಟ್ಟಿಗೆ ಹೂತಿರಬಹುದು ಅನ್ನೋ ಜಾಗ ಖಾಲಿ ಉಳೀತು. ಎಲ್ಲಿ ಹಾಕಿದ್ದು, ಹೇಗೆ ಹಾಕಿದ್ದು ಅನ್ನೋದು ಒಟಿಲಿಯಾ ಒಬ್ಬಳ ತಲೆಯಲ್ಲೇ ಉಳೀತು. ಅಲ್ಲಿವರೆಗೆ ಅವಳು ಮಾಡಿದ ಎಲ್ಲ ಸಹಾಯಗಳಿಗಿಂತ ಇದು ದೊಡ್ಡದು ಅಂತ ನನಗನಿಸುತ್ತೆ.

ಇಲ್ಲಿ ನಾನೊಂದು ವಿಷಯ ಹೇಳಬೇಕು. ನಾನು ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ಲಿನ ಗೆಳತಿಯೊಬ್ಬಳ ಜೊತೆ ಇಂಥದ್ದೇ ಕಾರಣಕ್ಕೆ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಯಾವ ಊರು, ಯಾವ ವರ್ಷ ಅನ್ನೋದು ಬೇಡ. ಕೌಂಟರಿನಲ್ಲಿದ್ದವರು ಫಾರ್ಮ್ ನೋಡಿ, ಗಂಡನ ಹೆಸರು ಬರೀರಿ ಅಂತ ಎಲ್ಲರಿಗೂ ಕೇಳೋ ಹಾಗೆ ಎರಡು ಸಲ ಹೇಳಿದ್ರು. ಗಂಡ ಇಲ್ಲ ಅಂದಾಗ, ಅಪ್ಪ ಅಮ್ಮನ್ನ ಕರ್ಕೊಂಡು ಬನ್ನಿ ಅಂದ್ರು. ನಾವು ಎದ್ದು ಬಂದ್ವಿ. ಎರಡು ಬಸ್ ಬದಲಾಯಿಸಿ ಬೇರೆ ಊರಿನ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದ್ವಿ. ಅವರು ವಯಸ್ಸು ಕೇಳಿದ್ರು, ಯಾವಾಗಿಂದ ಅಂತ ಕೇಳಿದ್ರು, ಬೇರೇನೂ ಕೇಳಲಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಇಬ್ಬರೂ ಒಂದು ಮಾತೂ ಆಡಲಿಲ್ಲ. ಆಮೇಲೂ ಆಡಲಿಲ್ಲ. ಹುಟ್ಟುಹಬ್ಬಕ್ಕೆ ವಿಶ್ ಮಾಡ್ತಿದ್ವಿ, ಮದುವೆಗೆ ಹೋದ್ವಿ, ಆ ವಿಷಯ ಮಾತ್ರ ಎತ್ತಲಿಲ್ಲ. ಅವಳು ಮರೆತಿದ್ದಾಳೆ ಅಂದುಕೊಂಡು ನಾನು ಸುಮ್ಮನಿದ್ದೆ. ನನಗೆ ಅಸಹ್ಯ ಆಗಿದೆ ಅಂದುಕೊಂಡು ಅವಳು ಸುಮ್ಮನಿದ್ದಳಂತೆ. ಇದು ಗೊತ್ತಾಗಿದ್ದು ಮೊನ್ನೆ ಮೊನ್ನೆ, ಅವಳೇ ಒಂದು ರಾತ್ರಿ ಫೋನ್ ಮಾಡಿ ತಾನಾಗೇ ಶುರು ಮಾಡಿದಾಗ. ಒಂದೂವರೆ ಗಂಟೆ ಮಾತಾಡಿದ್ವಿ. ಹೆಸರು, ಊರು ಹಾಕದೆ ಬರಿ, ಯಾರಿಗಾದ್ರೂ ಉಪಯೋಗ ಆಗುತ್ತೆ ಅಂತ ಅವಳೇ ಹೇಳಿದ್ದಕ್ಕೆ ಇಲ್ಲಿ ಬರೀತಿದ್ದೀನಿ.

ಹಾಗಾಗಿ ಆ ಮೇಜಿನ ಮೌನ ನನಗೆ ಎರಡೂ ಕಡೆ ಚುಚ್ಚುತ್ತೆ. ಆ ರಾತ್ರಿಗೆ ಅದು ಬೇಕಿತ್ತು. ಆದ್ರೆ ಎಷ್ಟು ವರ್ಷದ ತನಕ?

ಮಾತಾಡಿದ್ದು ಯಾರು?

ಈ ಕಥೆ ತನ್ನ ಪರಿಚಯದವರೊಬ್ಬರ ಬದುಕಲ್ಲಿ ನಡೆದ ನಿಜ ಘಟನೆಯಿಂದ ಬಂದಿದ್ದು ಅಂತ ಮುಂಜಿಯು ಹೇಳಿದ್ದಾರೆ. ಈಗ ಕೊನೆಯ ದೃಶ್ಯವನ್ನ ಇನ್ನೊಂದ್ಸಲ ಯೋಚಿಸಿ. ಯಾವತ್ತೂ ಮಾತಾಡಬಾರದು ಅಂತ ಮೇಜಿನ ಮುಂದೆ ತೀರ್ಮಾನ ಆಗುತ್ತೆ. ಆದ್ರೆ ನಾವು ಇಡೀ ಕಥೆ ನೋಡಿ ಆಗಿದೆ. ಅಂದ್ರೆ ಯಾರೋ ಎಂದೋ ಬಾಯಿ ಬಿಟ್ಟಿದ್ದಾರೆ. ಆ ಸಿನಿಮಾ ಇರೋದೇ ಅದಕ್ಕೆ ಸಾಕ್ಷಿ.

ಸಿನಿಮಾ ಹೆಸರೂ ಹಾಗೇ. ಗಬಿತ್ಸಾ ಹೇಳೋ ತಿಂಗಳ ಲೆಕ್ಕ ಒಂದೊಂದ್ಸಲ ಒಂದೊಂದು. ಹೆಸರಲ್ಲಿ ಮಾತ್ರ ದಿನದ ತನಕ ಪಕ್ಕಾ ಲೆಕ್ಕ: ನಾಲ್ಕು ತಿಂಗಳು, ಮೂರು ವಾರ, ಎರಡು ದಿನ. ಅಷ್ಟು ಕರಾರುವಾಕ್ಕಾಗಿ ಎಣಿಸಿದವರು ಯಾರು? ಏನೂ ಮರೆಯದೆ ಇದ್ದವರು ಯಾರೋ ಒಬ್ಬರು ಎಣಿಸಿರಬೇಕು. ಹಾಗೆ ನೋಡಿದ್ರೆ ಒಟಿಲಿಯಾ ಕೊನೆಗೆ ನಮ್ಮ ಕಡೆ ತಿರುಗೋದು ನನಗೆ ಒಂದು ಪ್ರಶ್ನೆ ಥರ ಕಾಣುತ್ತೆ. ಗೆಳತಿಗೆ ಹೇಳೋಕಾಗದ್ದನ್ನ ಗಾಜಿನ ಆಚೆ ಕೂತಿರೋ ನೀವು ನೋಡಿದ್ರಿ, ಈಗ ಏನು ಮಾಡ್ತೀರ ಅಂತ.

ಕನ್ನಡದಲ್ಲಿ ಇಂಥ ಸಾಕ್ಷಿಯೊಬ್ಬ ಇದಕ್ಕೂ 30 ವರ್ಷ ಮೊದಲೇ ಬಂದಿದ್ದ. 1977ರ 'ಘಟಶ್ರಾದ್ಧ'ದ ನಾಣಿ. ಅನಂತಮೂರ್ತಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, ಆ ವರ್ಷದ ಸ್ವರ್ಣಕಮಲ ಗೆದ್ದಿದ್ದು. ಅಗ್ರಹಾರದ ವಿಧವೆ ಯಮುನಕ್ಕ ಬಸುರಿ ಆಗ್ತಾಳೆ, ಕಾರಣ ಆದವನು ಜವಾಬ್ದಾರಿ ಹೊರದೆ ಜಾರಿಕೊಳ್ತಾನೆ, ಊರು ಅವಳನ್ನ ಬದುಕಿರುವಾಗಲೇ ಸತ್ತವಳ ಲೆಕ್ಕಕ್ಕೆ ಹಾಕಿ ಶ್ರಾದ್ಧ ಮಾಡುತ್ತೆ. ಇಡೀ ಕಥೆಯಲ್ಲಿ ಅವಳ ಕೈ ಹಿಡಿದುಕೊಂಡಿರೋದು ವೇದ ಕಲಿಯೋಕೆ ಬಂದ ಪುಟ್ಟ ಹುಡುಗ ನಾಣಿ ಒಬ್ಬನೇ. ಅವನಿಗೆ ಅರ್ಥ ಆಗಿರೋದು ಅರ್ಧ ಮಾತ್ರ. ಒಟಿಲಿಯಾಗೆ ಎಲ್ಲ ಅರ್ಥ ಆಗಿದೆ. ಆದರೂ ಇಬ್ಬರ ಪಾಡೂ ಒಂದೇ: ನೋಡಿದ್ದನ್ನ ಹೊತ್ತುಕೊಂಡು ಅಲ್ಲಿಂದ ಹೊರಡಬೇಕು. ಈ ಚಿತ್ರದ ಹೊಸದಾಗಿ ಸಂಸ್ಕರಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು. ಸಿಕ್ಕಿದ್ರೆ ಎರಡನ್ನೂ ಒಂದರ ಹಿಂದೆ ಒಂದು ನೋಡಿ.

ನಮ್ಮ ಲೆಕ್ಕ

ಇಂಜಿನಿಯರ್ ಅಲ್ವಾ, ಕೂತು ಲೆಕ್ಕ ಹಾಕಿದೆ. ನಾಲ್ಕು ತಿಂಗಳು ಮೂರು ವಾರ ಎರಡು ದಿನ ಅಂದ್ರೆ ಸುಮಾರು 145 ದಿನ, 20 ವಾರ ದಾಟಿ ಕೆಲವು ದಿನ. ನಮ್ಮ ದೇಶದಲ್ಲಿ 1971ರಿಂದಲೇ ವೈದ್ಯಕೀಯ ಗರ್ಭಪಾತ ಕಾಯ್ದೆ ಇದೆ. ಅದರಲ್ಲಿದ್ದ ಮಿತಿ 20 ವಾರ. ಅಂದ್ರೆ ಗಬಿತ್ಸಾ ಇಲ್ಲಿದ್ದಿದ್ರೂ ಕೆಲವೇ ದಿನಗಳಲ್ಲಿ ಗೆರೆ ದಾಟಿಬಿಡ್ತಿದ್ದಳು. 2021ರ ತಿದ್ದುಪಡಿಯಲ್ಲಿ ಕೆಲವು ವರ್ಗದ ಮಹಿಳೆಯರಿಗೆ ಮಿತಿ 24 ವಾರಕ್ಕೆ ಏರಿತು. 'ಗಂಡ' ಅಂತಿದ್ದ ಕಡೆ 'ಸಂಗಾತಿ' ಬಂತು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಇದರಲ್ಲಿ ಮದುವೆ ಆದವರು ಆಗದವರು ಅಂತ ಭೇದ ಮಾಡೋ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು.

ಇದರ ಜೊತೆ ಎರಡು ವಿಷಯ ನೆನಪಿಟ್ಟುಕೊಳ್ಳಿ, ಯಾಕಂದ್ರೆ ಇದು ಗೊತ್ತಿಲ್ಲದೇ ಜನ ಬೇಬೆಯಂಥವರ ಕೈಗೆ ಸಿಗೋದು. ಒಂದು, 18 ತುಂಬಿದ ಹೆಣ್ಣಿಗೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡ, ಅಪ್ಪ, ಅಮ್ಮ ಯಾರ ಸಹಿಯನ್ನೂ ಕಾನೂನು ಕೇಳಲ್ಲ. ನನ್ನ ಗೆಳತಿಯ ಹತ್ತಿರ ಕೇಳಿದ ಆ ಸಹಿ ಅವತ್ತೂ ಬೇಕಿರಲಿಲ್ಲ, ಇವತ್ತೂ ಬೇಕಿಲ್ಲ. ಎರಡು, ಹೆಸರು ವಿವರ ಗುಟ್ಟಾಗಿ ಇಡಬೇಕಾದ್ದು ಡಾಕ್ಟರ ಕರ್ತವ್ಯ. ಕಾನೂನು ಹಾಗೆ ಹೇಳುತ್ತೆ. ಕೌಂಟರಿನಲ್ಲಿ ಕೂಗಿ ಕೇಳೋದು ಮುಲಾಜಿಲ್ಲದೆ ತಪ್ಪು. ಮೆಡಿಕಲ್ ಶಾಪಿಂದ ತಂದ ಮಾತ್ರೆಯನ್ನ ಯಾರನ್ನೂ ಕೇಳದೆ ನುಂಗಿ ಸುಮ್ಮನಾಗೋದು ಅಪಾಯ. ನೋಂದಾಯಿತ ಡಾಕ್ಟರ್ ಹತ್ತಿರ ಹೋಗಿ, ಬೇಗ ಹೋಗಿ. ದಿನ ತಡ ಆದಷ್ಟೂ ದಾರಿ ಕಿರಿದಾಗುತ್ತೆ.

ಮತ್ತೆ, ಯಾರಾದ್ರೂ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿ 'ನಾಳೆ ರಜೆ ಹಾಕ್ತೀಯಾ, ನನ್ನ ಜೊತೆ ಒಂದು ಕಡೆ ಬರಬೇಕು' ಅಂದ್ರೆ, ಕಾರಣ ಆಮೇಲೆ ಕೇಳಿ. ಮೊದಲು ರಜೆ ಹಾಕಿ. ವಾಪಸ್ ಬಂದ ಮೇಲೆ ಅವರು ಮಾತಾಡದೆ ಇದ್ರೆ ನೀವೂ ಸುಮ್ಮನಿರಿ, ಅದು ಸರಿ. ಆದ್ರೆ ಒಂದು ವಾಕ್ಯ ಹೇಳಿಟ್ಟಿರಿ: 'ನಿನಗೆ ಯಾವಾಗಾದ್ರೂ ಮಾತಾಡಬೇಕು ಅನಿಸಿದ್ರೆ ನಾನಿದ್ದೀನಿ.' 1987ರ ಆ ರೆಸ್ಟೋರೆಂಟಿನಲ್ಲಿ ಒಟಿಲಿಯಾಗೆ ಅಷ್ಟು ಹೇಳೋ ಧೈರ್ಯ ಕೊಡೋ ದೇಶ ಇರಲಿಲ್ಲ. ನಮಗೆ ಆ ನೆಪ ಇಲ್ಲ.

ಎಂಡಿಂಗ್ ನಿಮಗೆ ಬೇರೆ ಥರ ಕಂಡ್ರೆ ಖಂಡಿತ ಬರೀರಿ. ನಮ್ಮ ಕ್ಯಾಂಟೀನ್ ಟೇಬಲ್ಲಿನಲ್ಲಿ ಐದನೇ ಅರ್ಥಕ್ಕೆ ಜಾಗ ಇದೆ.